ಹಳೇ ಪಂಪ್‌ಹೌಸಿನ ಜೋಡಿ ಪಂಪು

ಐವಾನ್-ಎ-ಶಾಹಿ ಹಿಂದಿನ ಗಲ್ಲಿ, ಕಲಬುರಗಿ
4 ನವೆಂಬರ್ 2024

ನಿಂಗಣ್ಣನಿಗೆ ಜಹೀರುದ್ದೀನನ ಸಲಾಂ.

ನಲವತ್ಮೂರು ವರ್ಷದ ಮೇಲೆ ನನ್ನ ಅಕ್ಷರ ನೋಡಿ ಈ ಕಾಗದವನ್ನು ಹರಿದು ಹಾಕಿಲ್ಲವಾದರೆ ಮುಂದೆ ಓದು. ನಿನ್ನ ವಿಳಾಸ ಕೊಟ್ಟವನು ಸೂಪರ್ ಮಾರ್ಕೆಟ್ಟಿಗೆ ಕೆಂಪು ಬಾಳೆಹಣ್ಣು ತರುವ ಕಮಲಾಪುರದ ಒಬ್ಬ ವ್ಯಾಪಾರಿ. ನಿನ್ನ ಮೊಮ್ಮಗಳು ಮಲ್ಲಿಕಾಳ ಮೊಬೈಲ್ ನಂಬರನ್ನೂ ಕೊಟ್ಟ. ಆದರೆ ಅದಕ್ಕೆ ಬರೆದರೆ ನಿನಗಿಂತ ಮೊದಲು ಮನೆಮಂದಿಯೆಲ್ಲ ಓದುತ್ತಾರೆ. ಫೋನಿನಲ್ಲಿ ಮಾತಾಡೋಣವೆಂದರೆ ನಿನಗೆ ಈಗ ಕಿವಿ ಪೂರಾ ಕೇಳಿಸುವುದಿಲ್ಲವಂತೆ. ಹಾಗಾಗಿ ಅಂಚೆಯೇ ಸರಿ ಅನ್ನಿಸಿತು.

ವಿಷಯ ಏನೆಂದರೆ, ನಾವಿಬ್ಬರೂ ಏಳು ವರ್ಷ ದುಡಿದ ಹಳೇ ಪಂಪ್‌ಹೌಸನ್ನು ಮ್ಯೂಸಿಯಂ ಮಾಡುತ್ತಿದ್ದಾರೆ. ಎಂಬತ್ತೊಂದರಲ್ಲಿ ಕರೆಂಟಿನ ಮೋಟಾರು ಬಂದ ಮೇಲೆ ಹಾಕಿದ ಬೀಗವನ್ನು ಈಗ ಒಡೆದಿದ್ದಾರೆ. ಬಾವಲಿಗಳನ್ನು ಓಡಿಸಿ, ಚಿಮಣಿಯ ಸಂದಿಯಲ್ಲಿ ಬೆಳೆದಿದ್ದ ಅರಳಿ ಗಿಡವನ್ನು ಕಿತ್ತು, ಬಾಯ್ಲರಿಗೆ ಮದುವೆ ಮನೆಯ ಬಾಗಿಲಿನಂಥ ಹಸಿರು ಬಣ್ಣ ಬಳಿದಿದ್ದಾರೆ. ಹಳಬರು ಯಾರಾದರೂ ಉಳಿದಿದ್ದಾರೆಯೇ ಎಂದು ಹುಡುಕಿದಾಗ ಸಿಕ್ಕವನು ನಾನೊಬ್ಬನೇ. ದಿನಾ ಹೋಗಿ ಕೂಡುತ್ತೇನೆ. ಕುರ್ಚಿ ಕೊಟ್ಟಿದ್ದಾರೆ, ಎರಡು ಸಲ ಚಹಾ ಕೊಡುತ್ತಾರೆ. ನಾನು ಹೇಳಿದ್ದನ್ನು ಕೇಳುವವರು ಮಾತ್ರ ಯಾರೂ ಇಲ್ಲ.

ಕೆಲಸ ವಹಿಸಿಕೊಂಡಿರುವ ಇಂಜಿನಿಯರ್ ಅಜಿತ ಎಂಬ ಹುಡುಗ. ಒಳ್ಳೆಯವನೇ, ಆದರೆ ಉಗಿಯಂತ್ರ ಓಡುವುದನ್ನು ಕಣ್ಣಿಂದ ಕಂಡವನಲ್ಲ. ಕಳುವಾದ ಲಿವರುಗಳ ಬದಲಿಗೆ ಹೊಸವನ್ನು ಮಾಡಿಸಿ ಕೂಡಿಸಿದ್ದಾನೆ. ಎಡಗಡೆಯದು ಎಡಕ್ಕೆ, ಬಲಗಡೆಯದು ಬಲಕ್ಕೆ, ನೋಡಲು ಬಹಳ ನೀಟಾಗಿದೆ. ಆದರೆ ಎಲ್ಲೋ ತಪ್ಪಿದೆ ಅನ್ನಿಸುತ್ತದೆ. ಏನು ತಪ್ಪಿದೆ ಎಂದು ಹೇಳಲು ಬರುತ್ತಿಲ್ಲ. ನಾನು ಬಾಯ್ಲರಿಗೆ ಕಲ್ಲಿದ್ದಲು ಹಾಕಿದವನು, ಪಂಪಿನ ಕಡೆಯವನು ನೀನು. ಉದ್ಘಾಟನೆಯ ದಿನ ಉಗಿಯ ಬದಲು ಒಳಗೆ ಗಾಳಿ ತುಂಬಿಸಿ ಅದನ್ನು ಓಡಿಸಿ ತೋರಿಸಬೇಕಂತೆ.

ಒಂದು ದಿನ ಬಂದು ನೋಡಿ ಹೋಗು. ಹಳೆಯದನ್ನು ಇಬ್ಬರೂ ಬಿಟ್ಟುಬಿಡೋಣ.

ನಿನ್ನ
ಜಹೀರುದ್ದೀನ್

*

ಕಮಲಾಪುರ
26 ನವೆಂಬರ್ 2024

ಜಹೀರ,

ಕಾಗದ ಮುಟ್ಟಿತು. ಹರಿದಿಲ್ಲ.

ನಾನು ಬರುವುದಿಲ್ಲ. ಬಾಳೆತೋಟದಲ್ಲಿ ಕೆಲಸವಿದೆ. ಇಲ್ಲದಿದ್ದರೂ ಬರುತ್ತಿರಲಿಲ್ಲ.

ಹಳೆಯದನ್ನು ಇಬ್ಬರೂ ಬಿಟ್ಟುಬಿಡೋಣ ಎಂದು ಬರೆದಿದ್ದೀಯ. ಇಬ್ಬರೂ ಅನ್ನುವ ಮಾತು ಎಲ್ಲಿಂದ ಬಂತು?

ನೀನು ಬರೆದ ಹಾಗೆ ಲಿವರು ಕೂಡಿಸಿದ್ದರೆ ಆ ಯಂತ್ರ ಜನ್ಮದಲ್ಲಿ ಓಡುವುದಿಲ್ಲ. ಅದು ಜೋಡಿ ಪಂಪು. ಎಡಗಡೆಯ ಪಿಸ್ಟನ್ ಹೋಗಿ ಬರುವಾಗ ಅದರ ಲಿವರು ಬಲಗಡೆಯ ವಾಲ್ವನ್ನು ತೆಗೆಯಬೇಕು. ಬಲಗಡೆಯದು ಎಡಗಡೆಯದನ್ನು ತೆಗೆಯಬೇಕು. ತನ್ನ ಬಾಗಿಲನ್ನು ತಾನೇ ತೆಗೆದುಕೊಳ್ಳಲು ಯಾವುದಕ್ಕೂ ಬರುವುದಿಲ್ಲ. ಏಳು ವರ್ಷ ಹತ್ತು ಹೆಜ್ಜೆ ದೂರದಲ್ಲಿ ನಿಂತು ನೀನು ಇದನ್ನು ನೋಡಿಲ್ಲವೆಂದರೆ ನಂಬುವುದು ಕಷ್ಟ.

ನಿಂಗಣ್ಣ

*

ಕಲಬುರಗಿ
15 ಡಿಸೆಂಬರ್ 2024

ನಿಂಗಣ್ಣನಿಗೆ ಸಲಾಂ.

ನಿನ್ನ ಪತ್ರವನ್ನು ಜೇಬಿನಲ್ಲಿಟ್ಟುಕೊಂಡು ಓಡಿದೆ. ಅಜಿತ ಕಂಪ್ಯೂಟರಿನಲ್ಲಿ ಒಂದು ಚಿತ್ರ ತೆಗೆದು ತೋರಿಸಿ, "ಚಾಚಾ, ಡ್ರಾಯಿಂಗಿನ್ಯಾಗ ಹಿಂಗೇ ಅದ. ನಾ ಏನ್ ಮಾಡ್ಲಿ?" ಅಂದ. ಆ ಚಿತ್ರ ಬೇರೆ ಯಾವುದೋ ಊರಿನ ಬೇರೆ ಯಾವುದೋ ಪಂಪಿನದು. ಹಾಗೆಂದು ಹೇಳಿದರೆ, "ಹಂಗಾದ್ರ ನಮ್ಮ ಪಂಪಿನ ಡ್ರಾಯಿಂಗ್ ಕೊಡ್ರಿ" ಅನ್ನುತ್ತಾನೆ. ನಾನು ಎಲ್ಲಿಂದ ತರಲಿ? ನೀನೇ ಡ್ರಾಯಿಂಗು, ನೀನು ಕಮಲಾಪುರದಲ್ಲಿ ಕೂತಿದ್ದೀಯ.

ಇನ್ನೊಂದು ತಲೆಬಿಸಿ. ಬಾಗಿಲ ಹತ್ತಿರ ಸ್ಟೀಲಿನ ದೊಡ್ಡ ಬೋರ್ಡು ಹಾಕುತ್ತಿದ್ದಾರೆ, ಇಲ್ಲಿ ಕೆಲಸ ಮಾಡಿದವರ ಹೆಸರುಗಳನ್ನು ಕೊರೆದು. ಮೇಲೆ ಇಂಜಿನಿಯರುಗಳು, ಕೆಳಗೆ ಫೋರ್ಮನ್‌ಗಳು, ಎಲ್ಲಕ್ಕಿಂತ ಕೆಳಗೆ ನನ್ನ ಹೆಸರು. ನಿನ್ನ ಹೆಸರಿಲ್ಲ. ಇಲಾಖೆಯ ಅಧಿಕಾರಿಯ ಮುಂದೆ ಹೋಗಿ ನಿಂತೆ.

"ಯಾರ್ರೀ ಇವರು ನಿಂಗಣ್ಣ? ರೆಕಾರ್ಡಿನ್ಯಾಗ ಇಲ್ಲಲ್ರೀ."

"ಪಂಪ್ ನಡಸ್ತಿದ್ದವನೇ ಅವನ್ರೀ ಸಾಹೇಬ್ರ," ಅಂದೆ.

"ನಿಮ್ಮ ಹೆಸರು ಪೆನ್ಶನ್ ಫೈಲಿನ್ಯಾಗ ಸಿಕ್ತು. ಅವರದು ಸಿಕ್ಕಿಲ್ಲ. ಏನರ ಕಾಗದ ಇದ್ರ ತಂದು ಕೊಡ್ರಿ."

ನಿನ್ನ ಹತ್ತಿರ ಹಳೇ ಹಾಜರಿ ಚೀಟಿಯೋ, ಪಾಸೋ, ಪಟವೋ ಏನಾದರೂ ಇದ್ದರೆ ಕಳಿಸು. ಬೋರ್ಡು ಕೊರೆಯಲು ಹೋಗುವುದು ಸಂಕ್ರಾಂತಿಯ ನಂತರ.

ನಿನ್ನ
ಜಹೀರುದ್ದೀನ್

*

ಕಮಲಾಪುರ
9 ಜನವರಿ 2025

ಜಹೀರ,

ಕಾಗದ ಕೇಳುತ್ತಾರಂತೆ. ನನ್ನ ತಲೆಯ ಎರಡೂ ಪಕ್ಕಕ್ಕೆ ಇದೆಯಲ್ಲ, ಅದೇ ಕಾಗದ. ಬೇಕಾದರೆ ಬಂದು ಓದಿಕೊಳ್ಳಲಿ.

ಕಲಬುರಗಿಯ ನೀರು ಗಡುಸು. ಮೂರು ತಿಂಗಳಿಗೊಮ್ಮೆ ಬಾಯ್ಲರಿನ ಒಳಗೆಲ್ಲ ಸುಣ್ಣದ ಪದರ ಕಟ್ಟುತ್ತಿತ್ತು. ಅದನ್ನು ಒಳಗೆ ಕೂತೇ ಸುತ್ತಿಗೆಯಿಂದ ಬಡಿದು ಕೆತ್ತಬೇಕಿತ್ತು. ಸರದಿ ನಿನ್ನದೂ ಇತ್ತು, ನನ್ನದೂ ಇತ್ತು. ಬಾಯ್ಲರಿನ ಬಾಯಿ ಸಣ್ಣದು, ನಿನ್ನ ಹೊಟ್ಟೆ ಹಿಡಿಸುವುದಿಲ್ಲ ಎಂದು ನಗುತ್ತಾ ನಿನ್ನ ಸರದಿಯಲ್ಲೂ ನಾನೇ ಇಳಿದೆ. ಕಬ್ಬಿಣದ ಹೊಟ್ಟೆಯೊಳಗೆ ಕೂತು ದಿನವಿಡೀ ಬಡಿದರೆ ಕಿವಿ ಏನಾಗುತ್ತದೆ ಎಂದು ಆಗ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದಾಗ ನಿನಗೊಬ್ಬನಿಗೇ ಹೇಳಿದೆ.

ಎಂಬತ್ತೊಂದರಲ್ಲಿ ಪಂಪ್‌ಹೌಸ್ ಮುಚ್ಚಿ, ನಮ್ಮನ್ನು ಕಾಯಂ ಮಾಡಿಕೊಳ್ಳಲು ಡಾಕ್ಟರ ಪರೀಕ್ಷೆಗೆ ಕರೆದರು. ಡಾಕ್ಟರು ನನ್ನ ಬೆನ್ನ ಹಿಂದೆ ನಿಂತು ಹೆಸರು ಕರೆಯುತ್ತಾರೆ, ನಾನು "ಹಾಜರ್" ಅನ್ನಬೇಕು. ನೀನು ನನ್ನ ಎದುರು ನಿಂತಿರುತ್ತೀಯ. ಡಾಕ್ಟರ ತುಟಿ ಅಲುಗಿದ ಕೂಡಲೇ ನೀನು ಕಿವಿ ಕೆರೆದುಕೊಳ್ಳಬೇಕು. ಇಷ್ಟೇ ನಮ್ಮ ಮಾತಾಗಿತ್ತು. ಹಿಂದಿನ ದಿನ ಕೆರೆ ದಂಡೆಯ ಮೇಲೆ ಇಪ್ಪತ್ತು ಸಲ ಮಾಡಿ ನೋಡಿದ್ದೆವು.

ನೀನು ಕಿವಿ ಕೆರೆದುಕೊಳ್ಳಲಿಲ್ಲ. ಡಾಕ್ಟರು ಮೂರು ಸಲ ಕರೆದು, ಮುಂದೆ ಬಂದು, ನನ್ನ ಚೀಟಿಯ ಮೇಲೆ ಗೀಟು ಎಳೆದರು.

ಆಗ ನೀನು ಎಲ್ಲಿ ನೋಡುತ್ತಿದ್ದೆ? ಅದೊಂದನ್ನು ಬರೆ. ಬೋರ್ಡಿನ ವಿಷಯ ಬರೆಯಬೇಡ.

ನಿಂಗಣ್ಣ

*

ಕಲಬುರಗಿ
30 ಜನವರಿ 2025

ನಿಂಗಣ್ಣನಿಗೆ ಸಲಾಂ.

ನಿನ್ನ ಮನೆಯವರು ಭೀಮಬಾಯಿ ಆರಾಮಿದ್ದಾರೆಂದು ನಂಬಿದ್ದೇನೆ. ಇಲ್ಲಿ ನನ್ನ ಹೆಂಡತಿ ಅಮೀನಾ ತೀರಿಹೋಗಿ ಆರು ವರ್ಷವಾಯಿತು. ನಿನಗೆ ತಿಳಿದಿರಲಿಕ್ಕಿಲ್ಲ.

ಬೋರ್ಡು ಕೊರೆಯಲು ಹೋಯಿತು. ನಿನ್ನ ಹೆಸರನ್ನು ಒಂದು ಚೀಟಿಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ಮೂರು ಸಲ ಕೊಟ್ಟೆ. ಮೊದಲನೆಯದನ್ನು ಕಳೆದರು, ಎರಡನೆಯದರ ಮೇಲೆ ಚಹಾ ಲೋಟ ಇಟ್ಟರು, ಮೂರನೆಯದಕ್ಕೆ "ಮುಂದಿನ ಸಲ ನೋಡೋಣ್ರಿ" ಅಂದರು. ಸ್ಟೀಲಿನ ಬೋರ್ಡಿಗೆ ಮುಂದಿನ ಸಲ ಎಲ್ಲಿಂದ ಬರುತ್ತದೆ?

ಆದರೆ ಅಜಿತ ಕೊನೆಗೂ ಲಿವರುಗಳನ್ನು ಬಿಚ್ಚಿದ್ದಾನೆ. ನೀನು ಹೇಳಿದ ಹಾಗೆ ಎಡಗಡೆಯದನ್ನು ಬಲಕ್ಕೆ, ಬಲಗಡೆಯದನ್ನು ಎಡಕ್ಕೆ ಕೂಡಿಸುತ್ತಾನಂತೆ.

ಆ ದಿನದ ಬಗ್ಗೆ ಕೇಳಿದ್ದೀಯ. ಬಹಳ ನೆನಪು ಮಾಡಿಕೊಂಡೆ. ಕಿಟಕಿಯ ಹೊರಗೆ ಏನೋ ಗದ್ದಲವಾಯಿತು. ಆ ಕಡೆ ನೋಡುತ್ತಿದ್ದಿರಬೇಕು.

ನಿನ್ನ
ಜಹೀರುದ್ದೀನ್

*

ಕಲಬುರಗಿ
11 ಮಾರ್ಚ್ 2025

ನಿಂಗಣ್ಣಾ,

ನಿನ್ನ ಉತ್ತರವಿಲ್ಲ. ಒಂದೂವರೆ ತಿಂಗಳು ಕಾದೆ. ಪೋಸ್ಟ್‌ಮ್ಯಾನ್ ನನ್ನನ್ನು ಕಂಡರೆ ದೂರದಿಂದಲೇ ಕೈ ಆಡಿಸಿ ಇಲ್ಲ ಅನ್ನುತ್ತಾನೆ.

ನಿನ್ನೆ ಗಾಳಿ ಬಿಟ್ಟು ನೋಡಿದರು. ರಂಜಾನಿನ ರೋಜಾ ಹಿಡಿದುಕೊಂಡೇ ಆ ಬಿಸಿಲಿನಲ್ಲಿ ನಿಂತಿದ್ದೆ. ಎಡಗಡೆಯ ಪಿಸ್ಟನ್ ಒಂದು ಸಲ ಮುಂದೆ ಹೋಯಿತು, ಬಲಗಡೆಯದು ಅರ್ಧ ಬಂತು, ಅಲ್ಲೇ ನಿಂತಿತು. ಇನ್ನಷ್ಟು ಗಾಳಿ ಬಿಟ್ಟರು. ವಾಲ್ವಿನ ರಾಡು ಬಿಲ್ಲಿನ ಹಾಗೆ ಬಾಗಿತು. ಎಲ್ಲರೂ ಅಜಿತನನ್ನು ನೋಡಿದರು, ಅಜಿತ ನನ್ನನ್ನು ನೋಡಿದ. "ನಿಮ್ಮ ಮಾತು ಕೇಳಿ ಹಿಂಗಾತು ಚಾಚಾ," ಅಂದ. ಸಿಟ್ಟಿನಿಂದ ಹೇಳಲಿಲ್ಲ, ಅಳುವವನ ಹಾಗೆ ಹೇಳಿದ. ಅದೇ ಹೆಚ್ಚು ನೋವಾಯಿತು.

ರಾಡಿನ ಮೇಲೆ ಎರಡು ನಟ್ಟುಗಳಿವೆಯಲ್ಲ, ಅವುಗಳ ನಡುವೆ ಸ್ವಲ್ಪ ಸಡಿಲು ಬಿಡುತ್ತಿದ್ದೆ ನೀನು. ಎಷ್ಟು ಬಿಡುತ್ತಿದ್ದೆ? ಅಷ್ಟು ಬರೆದು ಕಳಿಸು. ಉದ್ಘಾಟನೆ ಏಪ್ರಿಲ್ ಕೊನೆಗೆ. ಅಷ್ಟರೊಳಗೆ ಓಡದಿದ್ದರೆ ಬೇರೆ ಏನೋ ವ್ಯವಸ್ಥೆ ಮಾಡುತ್ತಾರಂತೆ.

ನಿನ್ನ ಕಾಲು ಹಿಡಿಯುತ್ತೇನೆ ಎಂದುಕೋ.

ಜಹೀರುದ್ದೀನ್

*

ಕಮಲಾಪುರ
24 ಮಾರ್ಚ್ 2025

ಜಹೀರ,

ಆ ಕೋಣೆಗೆ ಕಿಟಕಿ ಇರಲಿಲ್ಲ.

ನಾಲ್ಕೂ ಕಡೆ ಗೋಡೆ. ನಿನ್ನ ತಲೆಯ ಮೇಲೆ ಒಂದು ಕ್ಯಾಲೆಂಡರು, ಪಕ್ಕದಲ್ಲಿ ನೀರಿನ ಗಡಿಗೆ. ಕೇಳದವನು ಕಣ್ಣಿಂದಲೇ ಬದುಕುತ್ತಾನೆ, ನನಗೆ ಆ ಕೋಣೆಯ ಮೊಳೆಗಳೂ ನೆನಪಿವೆ.

ಸಡಿಲು ಎಷ್ಟೆಂದು ಕೇಳಿದ್ದೀಯ. ಅದು ಬೆರಳಿಗೆ ಗೊತ್ತು, ಬರೆಯಲು ಬರುವುದಿಲ್ಲ. ಬಂದರೂ ಕಿಟಕಿಯಿಂದ ಹೊರಗೆ ನೋಡುವವನಿಗೆ ಬರೆಯುವುದಿಲ್ಲ.

ಭೀಮಬಾಯಿ ಆರಾಮಿದ್ದಾಳೆ. ಅಮೀನಾ ಹೋದ ಸುದ್ದಿ ಓದಿ ಅವಳು ಆ ದಿನ ಉಣ್ಣಲಿಲ್ಲ. ಹೆಂಗಸರಿಬ್ಬರೂ ನಮ್ಮ ಜಗಳದಲ್ಲಿ ಇರಲಿಲ್ಲ.

ನಿಂಗಣ್ಣ

*

ಕಮಲಾಪುರ
19 ಜೂನ್ 2025

ಜಹೀರ,

ನೀನು ಮೂರು ತಿಂಗಳಿಂದ ಬರೆದಿಲ್ಲ. ನಾನೂ ಬರೆಯಬಾರದೆಂದಿದ್ದೆ. ಆದರೆ ಮೊನ್ನೆ ಮಂಗಳವಾರ ನಡೆದದ್ದನ್ನು ಹೇಳದೆ ಇರಲಾರೆ.

ಮಲ್ಲಿಕಾಳಿಗೆ ಕಾಲೇಜಿನಲ್ಲಿ ಅಂಕಪಟ್ಟಿ ತರುವ ಕೆಲಸವಿತ್ತು. ಅವಳ ಜೊತೆ ಬಸ್ಸು ಹತ್ತಿದೆ. ಅವಳನ್ನು ಕಾಲೇಜಿಗೆ ಕಳಿಸಿ, ಆಟೋ ಹಿಡಿದು ಪಂಪ್‌ಹೌಸಿಗೆ ಬಂದೆ. ಯಾಕೆ ಬಂದೆ ಎಂದು ಕೇಳಬೇಡ. ಬಂದೆ.

ಟಿಕೆಟ್ ಕೊಂಡು ಒಳಗೆ ಹೋದೆ. ನಾನು ದುಡಿದ ಜಾಗಕ್ಕೆ ಟಿಕೆಟ್ ಕೊಂಡು ಹೋದೆ. ಬೋರ್ಡಿನ ಮೇಲೆ ನಿನ್ನ ಹೆಸರು ಓದಿದೆ. ಅಕ್ಷರ ಚೆನ್ನಾಗಿ ಕೊರೆದಿದ್ದಾರೆ.

ಒಬ್ಬ ಸಣ್ಣ ಹುಡುಗಿ ಗೋಡೆಯ ಗುಂಡಿ ಒತ್ತಿದಳು. ಪಂಪು ಓಡಲು ಶುರುವಾಯಿತು. ಹುಡುಗಿ ಕಿವಿ ಮುಚ್ಚಿಕೊಂಡಳು, ಅಂದರೆ ಏನೋ ಸದ್ದು ಹಾಕಿದ್ದಾರೆ. ನಾನು ಯಂತ್ರದ ಓಟವನ್ನು ಕಾಲಿನ ಕೆಳಗಿನ ನೆಲದ ನಡುಕದಿಂದ ತಿಳಿಯುವವನು. ನೆಲ ಸುಮ್ಮನಿತ್ತು. ಬಗ್ಗಿ ನೋಡಿದರೆ ಅಡಿಯಲ್ಲಿ ಹಿಟ್ಟಿನ ಗಿರಣಿಯಂಥ ಒಂದು ಮೋಟಾರು, ಒಂದು ಬೆಲ್ಟು. ಯಾವ ಕರೆಂಟು ನಮ್ಮನ್ನು ಮನೆಗೆ ಕಳಿಸಿತೋ ಅದರಿಂದಲೇ ಆ ಮುದಿ ಯಂತ್ರವನ್ನು ಕುಣಿಸುತ್ತಿದ್ದಾರೆ.

ತಡೆಯಲಾಗಲಿಲ್ಲ. ಹಗ್ಗ ದಾಟಿ ಹೋಗಿ ರಾಡಿನ ನಟ್ಟುಗಳ ಮೇಲೆ ಕೈ ಇಟ್ಟೆ. ಎರಡನ್ನೂ ಬಿಗಿದಿದ್ದಾರೆ, ಒಂದಿಷ್ಟೂ ಸಡಿಲಿಲ್ಲ. ಹಿಂದಿನಿಂದ ಕೂಗಿದರೋ ಏನೋ, ನನಗೆ ಹೇಗೆ ಗೊತ್ತಾಗಬೇಕು? ಕಾವಲುಗಾರ ಹೆಗಲಿಗೆ ಕೈ ಹಾಕಿ ಎಳೆದ. ನಾನು ಬಿದ್ದೆ. ಹುಡುಗಿ ಅತ್ತಳು. ಕಾವಲುಗಾರನ ಎದೆಯ ಮೇಲೆ ಗುಂಡಣ್ಣ ಎಂದು ಹೆಸರಿತ್ತು. ಕಿವಿ ತೋರಿಸಿ ಕೇಳಿಸುವುದಿಲ್ಲ ಎಂದೆ, ನಿನ್ನ ಹೆಸರು ಹೇಳಿದೆ. ಅವನು ಆಚೆ ಈಚೆ ನೋಡಿ, ಟಿಕೆಟಿನ ಹಿಂದೆ ಬರೆದು ತೋರಿಸಿದ: "ಊಟಕ್ಕ ಹೋಗ್ಯಾರ."

ಗೇಟಿನ ಹೊರಗಿನ ಕಟ್ಟೆಯ ಮೇಲೆ ನಾಲ್ಕು ಗಂಟೆಯವರೆಗೆ ಕೂತಿದ್ದೆ. ಅಷ್ಟು ದೊಡ್ಡ ಊಟ ಎಲ್ಲಿ ಮಾಡಿದೆ?

ನಿಂಗಣ್ಣ

*

ಕಲಬುರಗಿ
28 ಜೂನ್ 2025

ನಿಂಗಣ್ಣಾ,

ಊಟಕ್ಕೆ ಹೋಗಿರಲಿಲ್ಲ. ಬಾಯ್ಲರಿನ ಹಿಂದೆ ನಿಂತಿದ್ದೆ.

ನೀನು ಬಾಗಿಲು ದಾಟಿದಾಗಲೇ ಗುರುತು ಹಿಡಿದೆ. ಬಂದವನೇ ಬೋರ್ಡಿನ ಮುಂದೆ ನಿಂತೆ, ನನ್ನ ಹೆಸರಿನ ಮೇಲೆ ಬೆರಳಿಟ್ಟೆ. ನನ್ನ ಕಾಲುಗಳು ಹಿಂದಕ್ಕೆ ಹೋದವು. ಗುಂಡಣ್ಣ ನಿನ್ನನ್ನು ಎಳೆದದ್ದನ್ನು ನೋಡಿದೆ, ನೀನು ಬಿದ್ದದ್ದನ್ನು ನೋಡಿದೆ. ಒಂದು ಮಾತು ಹೇಳಿದ್ದರೆ ಅವನು ಬಿಡುತ್ತಿದ್ದ. ಊಟಕ್ಕೆ ಹೋಗಿದ್ದಾರೆಂದು ಹೇಳು ಎಂದು ಅವನಿಗೆ ಕೈಸನ್ನೆ ಮಾಡಿದವನು ನಾನೇ. ಆ ದಿನ ಏಳದಿದ್ದ ಕೈ ಮೊನ್ನೆ ಎದ್ದಿತು, ಅದೂ ನಿನ್ನನ್ನು ಹೊರಗೆ ಹಾಕಲು. ನೀನು ಕಟ್ಟೆಯ ಮೇಲೆ ಕೂತಷ್ಟು ಹೊತ್ತೂ ನಾನು ಒಳಗೆ ನೆಲದ ಮೇಲೆ ಕೂತಿದ್ದೆ.

ಈಗ ಎಂಬತ್ತೊಂದರದ್ದು ಬರೆಯುತ್ತೇನೆ. ನಾನು ಎಲ್ಲೂ ನೋಡುತ್ತಿರಲಿಲ್ಲ, ನಿನ್ನ ಮುಖವನ್ನೇ ನೋಡುತ್ತಿದ್ದೆ. ಡಾಕ್ಟರ ತುಟಿ ಮೂರು ಸಲವೂ ಅಲುಗಿದ್ದು ಕಂಡೆ. ಇಬ್ಬರಿಗೂ ಜಾಗವಿದೆ ಎಂದು ತಾನೇ ನಾವು ತಿಳಿದಿದ್ದೆವು? ಬೆಳಿಗ್ಗೆ ನೀನು ಒಳಗೆ ಹೋದ ಮೇಲೆ ಗುಮಾಸ್ತ ಬಾಗಿಲಲ್ಲಿ ನನ್ನನ್ನು ತಡೆದು ಹೇಳಿದ, "ಒಂದೇ ಜಾಗ ಬಂದದ ನೋಡ್ರಿ. ನಿಂಗಣ್ಣ ಪಾಸಾದ್ರ ಅವನಿಗೇ, ಅವನು ಸೀನಿಯರ್." ಅಮೀನಾಳಿಗೆ ಆಗ ಏಳನೇ ತಿಂಗಳು. ಹೀಗೆ ಬರೆದರೆ ನೆಪ ಹೇಳಿದ ಹಾಗಾಗುತ್ತದೆ, ನಿನ್ನ ಮನೆಯಲ್ಲೂ ಕೂಸು ಇತ್ತು. ಕೈ ಮೊಣಕೈ ತನಕ ಎದ್ದಿತ್ತು. ಅಲ್ಲಿಂದ ಮೇಲೆ ನಾನು ಎತ್ತಲಿಲ್ಲ.

ನೀನು ಹೋದ ಮರುದಿನ ಬೋರ್ಡಿನಿಂದ ನನ್ನ ಹೆಸರು ತೆಗೆಯಿರಿ ಎಂದು ಅರ್ಜಿ ಕೊಟ್ಟೆ. "ಸ್ಟೀಲಿನ್ಯಾಗ ಕೊರದದ್ದು ಚಾಚಾ, ಹೆಂಗ ತಗೀಬೇಕು?" ಎಂದು ನಕ್ಕರು. ಸೇರಿಸಲೂ ಆಗುವುದಿಲ್ಲ, ತೆಗೆಯಲೂ ಆಗುವುದಿಲ್ಲ. ಅಲ್ಲಿಗೆ ಹೋಗುವುದನ್ನು ಬಿಟ್ಟಿದ್ದೇನೆ. ಅಜಿತ ಮನೆಗೆ ಬಂದು ಕೇಳಿದ. ಎಲ್ಲವನ್ನೂ ಹೇಳಿದೆ, ಕೋಣೆಯದು, ಬಾಯ್ಲರಿನ ಹಿಂದಿನದು, ಎರಡನ್ನೂ. ಮೋಟಾರು ಕೂಡಿಸಿದ್ದಕ್ಕೂ, ಪಂಪಿನ ಸದ್ದೆಂದು ರೈಲಿನ ಸದ್ದು ಹಾಕಿದ್ದಕ್ಕೂ ಅವನಿಗೂ ನಾಚಿಕೆಯಿದೆ. ಉದ್ಘಾಟನೆಗೆ ಓಡಲೇಬೇಕೆಂದು ಮೇಲಿನವರು ಹಟ ಹಿಡಿದರಂತೆ. ಹೊರಡಲು ಎದ್ದಾಗ, "ಅವರ ಊರಾಗ ಮನೀ ಎಲ್ಲಿ ಬರ್ತದ್ರಿ?" ಅಂದ. ನಿನ್ನನ್ನು ಕೇಳದೆ ಹೇಳಬಾರದೆಂದು ಹೇಳಿಲ್ಲ.

ಕ್ಷಮಿಸು ಎಂದು ಬರೆಯಲು ನಾಲ್ಕು ಕಾಗದ ಹಾಳು ಮಾಡಿದೆ. ಇದು ಐದನೆಯದು. ಇದರಲ್ಲಿ ಬರೆದಿದ್ದೇನೆ.

ಜಹೀರುದ್ದೀನ್

*

ಕಮಲಾಪುರ
20 ಜುಲೈ 2025

ಜಹೀರ,

ಓದಿದೆ. ಭೀಮಬಾಯಿಗೂ ಓದಿ ಹೇಳಿದೆ.

ಒಂದೇ ಜಾಗ ಬಂದಿತ್ತೆಂದು ನನಗೆ ಈವತ್ತಿನವರೆಗೂ ಗೊತ್ತಿರಲಿಲ್ಲ. ನಿನಗೆ ನನ್ನ ಮೇಲೆ ಏನೋ ಹೊಟ್ಟೆಕಿಚ್ಚು ಇತ್ತೆಂದು ತಿಳಿದಿದ್ದೆ. ಏನಿರಬಹುದು ಎಂದು ನಲವತ್ನಾಲ್ಕು ವರ್ಷ ಹುಡುಕಿದ್ದೇನೆ. ನೀರು ಬಿಡುವಾಗ, ಗೊನೆ ಕಡಿಯುವಾಗ, ಸುಮ್ಮನೆ ಕೂತಾಗ. ಗುಮಾಸ್ತ ಹೇಳಿದ್ದನ್ನು ನೀನು ಒಳಗೆ ಬಂದು ಹೇಳಿದ್ದರೆ ಜಾಗ ಬಿಟ್ಟುಕೊಡುತ್ತಿದ್ದೆ ಎಂದು ದೊಡ್ಡ ಮಾತು ಆಡುವುದಿಲ್ಲ. ಜಗಳವಾಡುತ್ತಿದ್ದೆ, ಅಂಗಿ ಹಿಡಿದು ಕೇಳುತ್ತಿದ್ದೆ. ಜಗಳವಾದರೂ ಆಗುತ್ತಿತ್ತಲ್ಲ. ಅದೂ ಆಗಲಿಲ್ಲ.

ಕ್ಷಮಿಸು ಎಂದು ಬರೆದಿದ್ದೀಯ. ಆಯಿತು ಎಂದು ಬರೆಯಲು ಕೂತರೆ ಸುಳ್ಳು ಬರೆದ ಹಾಗಾಗುತ್ತದೆ. ಹೆಗಲು ಇನ್ನೂ ನೋಯುತ್ತಿದೆ.

ಬೋರ್ಡಿನ ಚಿಂತೆ ಬಿಡು. ನಿನ್ನ ಹೆಸರು ಇರಲಿ, ನೀನೂ ದುಡಿದವನೇ.

ಅಜಿತನಿಗೆ ಮನೆ ಹೇಳು. ಬಸ್ ಸ್ಟ್ಯಾಂಡಿನಲ್ಲಿ ಇಳಿದು ಬಾಳೆತೋಟದ ನಿಂಗಣ್ಣ ಅಂದರೆ ಯಾರಾದರೂ ತೋರಿಸುತ್ತಾರೆ. ಬರುವಾಗ ಬಾಗಿದ ರಾಡು, ಎರಡು ನಟ್ಟು ತರಲಿ. ಬರೆಯಲು ಒಂದು ಪುಸ್ತಕ ತರಲಿ, ನಾನು ಬಾಯಲ್ಲಿ ಹೇಳುತ್ತೇನೆ, ಅವನು ಕೇಳುವುದನ್ನು ಬರೆದು ತೋರಿಸಲಿ. ಬೆರಳಿಗೆ ಬೆರಳು ಹಿಡಿದು ಕಲಿಸುತ್ತೇನೆ. ಒಂದು ದಿನದಲ್ಲಿ ಬರುವುದಿಲ್ಲ, ಮೂರು ನಾಲ್ಕು ಸಲ ಬರಬೇಕಾಗುತ್ತದೆ. ಭೀಮಬಾಯಿ ರೊಟ್ಟಿ ಮಾಡಿ ಹಾಕುತ್ತಾಳೆ.

ನೀನು ಸದ್ಯ ಬರಬೇಡ.

ಸದ್ಯ ಎಂದು ಬರೆದಿದ್ದೇನೆ. ಸರಿಯಾಗಿ ಓದಿಕೋ.

ನಿಂಗಣ್ಣ